ದಾಟು ಪೆಟ್ಟಿಗೆ ಮತ್ತು ಅನ್ನದ ಪಾತ್ರೆ

ದಡ ಕಣ್ಣಿಗೆ ಬೀಳದಷ್ಟು ದೂರದ ಕಡಲಿನಲ್ಲಿ, ಒಂದು ಬೋಟಿನವನ ಕೈ ಬಲೆಯ ಹಗ್ಗಕ್ಕೆ ಸಿಕ್ಕಿ ಎರಡು ಬೆರಳು ಜಜ್ಜಿಹೋದವು. ಜೊತೆಯವನು ಓಡಿಹೋಗಿ ಬೋಟಿನ ರೇಡಿಯೊ ಪೆಟ್ಟಿಗೆಯ ಗುಂಡಿ ಒತ್ತಿ, ರಕ್ತ ನಿಲ್ಲುತ್ತಿಲ್ಲವೆಂದು ಕೂಗಿದ. ಆ ಕೂಗು ಹತ್ತಿರದ ಬೋಟಿನ ಪೆಟ್ಟಿಗೆಗೆ ಹಾರಿತು, ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ನಡುವಿನ ಬೋಟುಗಳವರು ಬಲೆ ಎಳೆಯುತ್ತಲೋ ಎಲೆಯಡಿಕೆ ಜಗಿಯುತ್ತಲೋ ಇದ್ದರು. ತಮ್ಮ ತಲೆಯ ಮೇಲಿಂದ ಯಾರದೋ ನೋವು ದಾಟಿಹೋಯಿತೆಂಬುದು ಅವರಿಗೆ ತಿಳಿಯಲೇ ಇಲ್ಲ. ಮಲ್ಪೆಯ ದಡದ ಕೋಣೆಯಲ್ಲಿ ಮಾನಸಿ ಬಡಿಗೇರ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುವುದರೊಳಗೆ ವೈದ್ಯರು, ಬಟ್ಟೆಯನ್ನು ಹೇಗೆ ಬಿಗಿಯಬೇಕೆಂದು ಆ ಬೋಟಿಗೆ ಹೇಳುತ್ತಿದ್ದರು.

ಹೀಗೆ ಸಂದೇಶಕ್ಕೆ ದಾರಿ ಹುಡುಕಿಕೊಡುವ ವಿದ್ಯೆಗೆ ತಂತ್ರಜ್ಞರು ರೂಟಿಂಗ್ ಎನ್ನುತ್ತಾರೆ. ನೆಲದ ಮೇಲೆ ಅದು ಅಷ್ಟೇನೂ ಕಷ್ಟವಲ್ಲ, ಟವರುಗಳು ನೆಟ್ಟಲ್ಲೇ ನಿಂತಿರುತ್ತವೆ. ಕಡಲಿನಲ್ಲಿ ಟವರು ಎಲ್ಲಿಂದ ಬರಬೇಕು? ಮೊದಲು ಸಂದೇಶ ಸಾಗಿಸುವ ಉಪಗ್ರಹಗಳಿದ್ದವು. ಸೂರ್ಯನಲ್ಲೆದ್ದ ದೊಡ್ಡ ಬಿರುಗಾಳಿಯೊಂದು ಅವುಗಳಲ್ಲಿ ಮುಕ್ಕಾಲು ಪಾಲನ್ನು ಸುಟ್ಟುಹಾಕಿದ ಮೇಲೆ, ಉಳಿದವು ದೊಡ್ಡ ಹಡಗುಗಳಿಗೇ ಸಾಲುತ್ತಿರಲಿಲ್ಲ. ಹಾಗಾಗಿ ಮಾನಸಿ ಬೋಟುಗಳನ್ನೇ ಟವರು ಮಾಡಿದಳು. ತೆಂಗಿನಕಾಯಿ ಗಾತ್ರದ ಪೆಟ್ಟಿಗೆ, ಚುಕ್ಕಾಣಿ ಹಿಡಿಯುವ ಕೋಣೆಯ ಮಾಡಿನ ಮೇಲೆ ಅದರ ಜಾಗ. ಪ್ರತಿ ಪೆಟ್ಟಿಗೆಯೂ ತಾನಿರುವ ಸ್ಥಳವನ್ನು ಸುತ್ತಲಿನ ಪೆಟ್ಟಿಗೆಗಳಿಗೆ ಆಗಾಗ ಹೇಳುತ್ತಿರುತ್ತದೆ. ಸಂದೇಶ ಬಂದಾಗ, ಅವುಗಳಲ್ಲಿ ದಡಕ್ಕೆ ಹೆಚ್ಚು ಹತ್ತಿರವಿರುವುದರ ಕೈಗೆ ಅದನ್ನು ದಾಟಿಸಿಬಿಡುತ್ತದೆ. ಬಂದರಿನವರು ಅದಕ್ಕೆ ದಾಟು ಪೆಟ್ಟಿಗೆ ಎಂದೇ ಹೆಸರಿಟ್ಟರು.

ಗದಗದವಳಾದ ಮಾನಸಿಗೆ ಕಾಲೇಜು ಮುಗಿಯುವವರೆಗೆ ಕಡಲೆಂದರೆ ಚಿತ್ರದಲ್ಲಿ ಕಂಡದ್ದಷ್ಟೆ. ಆದರೆ ಹಿಡಿದ ಕೆಲಸ ಬಿಡುವ ಜಾಯಮಾನ ಅವಳದಲ್ಲ. ಪೆಟ್ಟಿಗೆ ಕಂಪ್ಯೂಟರಿನಲ್ಲಿ ಗೆದ್ದಿತ್ತು, ಬಂದರಿನೊಳಗೆ ಗೆದ್ದಿತ್ತು, ಜಡಿಮಳೆಯಲ್ಲೂ ಗೆದ್ದಿತ್ತು. ಬಂಗುಡೆ ಮೀನಿನ ಕಾಲ ಶುರುವಾದದ್ದೇ ತಡ, ಕೈಕೊಟ್ಟಿತು. ದಡದ ಕೋಣೆಯ ಗೋಡೆಯ ಮೇಲೆ ಬೆಳಗುವ ನಕ್ಷೆಯಲ್ಲಿ ಬೋಟುಗಳ ಚುಕ್ಕಿಗಳು ಅಲ್ಲಲ್ಲಿ ಆರಿಹೋಗತೊಡಗಿದವು. ಒಂದು ಆರಿದರೆ, ಅದರಾಚೆಯ ಬೋಟುಗಳು ಮೂಕವಾದಂತೆ. ಅವಳು ಬ್ಯಾಟರಿ ಬದಲಾಯಿಸಿದಳು, ಉಪ್ಪುಗಾಳಿಯನ್ನು ಬೈದಳು, ಆಂಟೆನಾ ಎತ್ತರಿಸಿದಳು. ಚುಕ್ಕಿಗಳು ಆರುತ್ತಲೇ ಇದ್ದವು. ಹಣ ಕೊಡುತ್ತಿದ್ದ ಕಡಲ ಸುರಕ್ಷಾ ಮಂಡಳಿಯಿಂದ ನಿರ್ದೇಶಕ ಭಾರ್ಗವ ಹೆಬ್ಬಾರರು ಫೋನು ಮಾಡಿ, ದೀಪಾವಳಿಯೊಳಗೆ ಸರಿಹೋಗದಿದ್ದರೆ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ತರಬೇಕಾಗುತ್ತದೆ ಎಂದರು.

"ಹಂಗಾದ್ರ ನಾನ ಕಡಲಿಗೆ ಹೋಗಿ ನೋಡಿ ಬರ್ತೀನ್ರಿ" ಎಂದಳು ಮಾನಸಿ.

ಎಲ್ಲರಿಗಿಂತ ಹೆಚ್ಚಾಗಿ ಆರುತ್ತಿದ್ದದ್ದು ದಿವಾಕರ ತಿಂಗಳಾಯರ ಬೋಟು. ಅವರು ಅದರ ತಾಂಡೇಲರು, ಅಂದರೆ ಬೋಟಿನ ಯಜಮಾನಿಕೆ ಅವರದು. ಮೀನು ಹಿಡಿಯುವುದರಲ್ಲಿ ಗಟ್ಟಿಗ, ಮಾತಿನಲ್ಲಿ ಒರಟ. ಇವಳನ್ನು ಹತ್ತಿಸಿಕೊಳ್ಳಲು ಅವರಿಗೆ ಸುತರಾಂ ಇಷ್ಟವಿರಲಿಲ್ಲ.

"ನಿಮಗೆ ಕಡಲು ಆಗಿಬರುದಿಲ್ಲ ಮೇಡಂ. ಸುಮ್ಮನೆ ಎಂತಕ್ಕೆ?"

"ಆಗದಿದ್ರ ವಾಂತಿ ಮಾಡ್ಕೋತೀನಿ. ಪೆಟ್ಟಿಗಿ ನೋಡದ ಮಾತ್ರ ಇಳಿಯಂಗಿಲ್ಲ."

ಹೇಳಿದಂತೆ ವಾಂತಿಯನ್ನೂ ಮಾಡಿಕೊಂಡಳು. ಒಂದಿಡೀ ದಿನ ಬೋಟಿನ ಅಂಚು ಹಿಡಿದು, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಅರಬ್ಬಿ ಸಮುದ್ರಕ್ಕೆ ಒಪ್ಪಿಸಿದಳು. ಮಾರನೆಯ ದಿನ ಸ್ವಲ್ಪ ತಲೆಯೆತ್ತುವಂತಾದಾಗ ಬೋಟಿನಲ್ಲಿ ಗದ್ದಲವೋ ಗದ್ದಲ. ಬಂಗುಡೆಯ ದೊಡ್ಡ ಹಿಂಡು ಸಿಕ್ಕಿತ್ತು. ನೀರು ಕೊತಕೊತ ಕುದಿಯುವಂತೆ ಕಾಣುತ್ತಿತ್ತು. ಬಲೆ ಬಿಟ್ಟಾದ ಮೇಲೆ ಅಡುಗೆಯ ಬಾಬಣ್ಣ ಎಲ್ಲರಿಗೂ ಅವಲಕ್ಕಿ ಹಂಚಿದ.

"ಅನ್ನ ಇಲ್ಲೇನ್ರಿ ಇವತ್ತು?" ಮಾನಸಿ ಕೇಳಿದಳು.

"ಮೀನು ಸಿಕ್ಕಿದ ದಿನ ಅನ್ನ ಎಲ್ಲಿಂದ ಬರ್ಬೇಕು?" ಎಂದವನೇ ಬಾಬಣ್ಣ ನಾಲಿಗೆ ಕಚ್ಚಿಕೊಂಡ. ತಾಂಡೇಲರು ಅವನನ್ನು ತಿನ್ನುವ ಹಾಗೆ ನೋಡಿದರು.

ಅದೆಂಥ ಮಾತು! ಮೀನಿಗೂ ಅನ್ನಕ್ಕೂ ಯಾವ ಸಂಬಂಧ? ಮಾನಸಿ ಅಡುಗೆಯ ಮೂಲೆಯತ್ತ ನೋಡಿದಳು. ನಿನ್ನೆ ಅಷ್ಟೂ ಜನಕ್ಕೆ ಅನ್ನ ಬೇಯಿಸಿದ್ದ ಅಲ್ಯೂಮಿನಿಯಂ ಪಾತ್ರೆ ಅಲ್ಲಿರಲಿಲ್ಲ. ಅವಳು ಅವಲಕ್ಕಿಯ ತಟ್ಟೆ ಕೆಳಗಿಟ್ಟು, ಓಲಾಡುವ ಏಣಿ ಹಿಡಿದು ಮಾಡಿನ ಮೇಲೆ ಹತ್ತಿದಳು. ಪಾತ್ರೆ ಅಲ್ಲಿತ್ತು. ಪೆಟ್ಟಿಗೆಯ ಮೇಲೆ ಬೋರಲು ಮಲಗಿತ್ತು, ಹಾರಿಹೋಗದಂತೆ ಹಗ್ಗ ಕಟ್ಟಿತ್ತು.

ಅವಳಿಗೆ ನಗು ಮತ್ತು ಸಿಟ್ಟು ಒಟ್ಟಿಗೇ ಬಂದವು. ಲೋಹದ ಪಾತ್ರೆ ಮುಚ್ಚಿದರೆ ರೇಡಿಯೊ ಅಲೆ ಹೊರಗೂ ಹೋಗದು, ಒಳಗೂ ಬಾರದು. ಬೀಗಮುದ್ರೆಯ ಪೆಟ್ಟಿಗೆಯನ್ನು ಆರಿಸಲಾಗದವರು ಎಂಥ ಉಪಾಯ ಹೂಡಿದ್ದರು!

"ಅಲ್ರಿ ತಾಂಡೇಲರ, ಇದೇನ್ರಿ?" ಮೇಲಿನಿಂದಲೇ ಕೂಗಿದಳು.

"ಮುಟ್ಟಬೇಡಿ ಅದನ್ನು! ನಿಮ್ಮ ಪೆಟ್ಟಿಗೆ ಊರಿಗೆಲ್ಲ ನಾವಿರುವ ಜಾಗ ಹೇಳ್ತಾ ಉಂಟು. ಬಂದರಿನ ಮೊಬೈಲ್ ಅಂಗಡಿಯವ ಅದನ್ನು ಓದುವ ಆ್ಯಪ್ ಮಾಡಿ ಮಾರಿದ್ದಾನೆ, ಗೊತ್ತುಂಟಾ ನಿಮಗೆ? ನಾವು ಒಂದು ಕಡೆ ನಿಂತದ್ದು ಕಂಡರೆ ಸಾಕು, ಉಳಿದವರೆಲ್ಲ ಬಂದು ಮುತ್ತಿಕೊಳ್ತಾರೆ. ಮೀನಿನ ಜಾಗ ಅಣ್ಣ ತಮ್ಮನಿಗೂ ಹೇಳುದಿಲ್ಲ ಮೇಡಂ ಇಲ್ಲಿ!"

"ನಿಮ್ಮಾಚೆ ಇರೋರು ಸತ್ರೂ ಗೊತ್ತಾಗಂಗಿಲ್ಲ, ತಿಳೀತೇನ್ರಿ?"

"ಬಲೆ ಎಳೆದಾದ ಕೂಡಲೇ ತೆಗಿತೇವೆ."

"ನಾ ಈಗಲೇ ತಗೀತೀನಿ."

ತಾಂಡೇಲರು ಏಣಿಯತ್ತ ನುಗ್ಗಿದರು. ಅಷ್ಟರಲ್ಲಿ ಅವಳು ಹಗ್ಗ ಬಿಚ್ಚಿ ಪಾತ್ರೆಯನ್ನು ಎತ್ತಿಯಾಗಿತ್ತು. ಪೆಟ್ಟಿಗೆ ಮೊದಲು ಹಸಿರು ಮಿನುಗಿತು, ಮರುಕ್ಷಣ ಕೆಂಪಗಾಗಿ ಕಿರುಚತೊಡಗಿತು. ಪಶ್ಚಿಮದ ಯಾವುದೋ ಬೋಟು ಬೆಳಗಿನಿಂದಲೂ ದಾರಿ ಹುಡುಕುತ್ತ, ಅದೇ ಸಂದೇಶವನ್ನು ಮತ್ತೆ ಮತ್ತೆ ಎಸೆಯುತ್ತಿತ್ತು. 'ಎಂಜಿನ್ ಕೋಣೆಗೆ ನೀರು ನುಗ್ಗುತ್ತಿದೆ. ಪಂಪು ನಿಂತಿದೆ. ಯಾರಾದರೂ ಇದ್ದೀರಾ?' ಪೆಟ್ಟಿಗೆಯ ಪುಟ್ಟ ಪರದೆಯಲ್ಲಿ ಸಂದೇಶದ ಕೆಳಗೆ ಬೋಟಿನ ಹೆಸರಿತ್ತು. ಮಾನಸಿ ಅದನ್ನು ಓದಿ ಹೇಳಿದಳು.

ತಾಂಡೇಲರು ಏಣಿಯ ನಡುವೆಯೇ ನಿಂತುಬಿಟ್ಟರು. ಅದು ಅವರ ತಮ್ಮ ಪ್ರೀತಮನ ಬೋಟು.

"ಬಲೆ ಕಡಿಯಿರಿ!" ಅವರು ಏಣಿಯಿಂದ ಹಾರಿ ಚುಕ್ಕಾಣಿಯತ್ತ ಓಡಿದರು. "ಕಡಿಯಿರಿ ಅಂದೆನಲ್ಲ! ಮೀನು ಹಾಳಾಗಿ ಹೋಗಲಿ!"

ಎಂಜಿನ್ ಬಾಯಿಬಾಯಿ ಬಡಿದುಕೊಳ್ಳುವ ಹಾಗೆ ಓಡಿಸಿದರು. ಮಾನಸಿ ಮಾಡಿನ ಮೇಲೇ ಕೂತು, ಪೆಟ್ಟಿಗೆಯನ್ನು ತಬ್ಬಿಕೊಂಡು, ಬರುತ್ತಿದ್ದೇವೆ ಬರುತ್ತಿದ್ದೇವೆ ಎಂದು ಕಳಿಸುತ್ತಲೇ ಇದ್ದಳು. ಅವರು ಮುಟ್ಟಿದಾಗ ಪ್ರೀತಮನ ಬೋಟಿನ ಹಿಂಭಾಗ ಮುಳುಗಿತ್ತು, ಎಲ್ಲರೂ ಮುಂದಿನ ತುದಿಗೆ ಗುಂಪಾಗಿ ನೇತುಬಿದ್ದಿದ್ದರು. ಒಬ್ಬೊಬ್ಬರನ್ನಾಗಿ ಎಳೆದುಕೊಂಡರು. ಬೋಟು ಹೋಯಿತು, ಜನ ಉಳಿದರು.

ತಮ್ಮನಿಗೆ ಒಣಬಟ್ಟೆ ಹೊದಿಸಿ ತಾಂಡೇಲರು ಮಾನಸಿಯ ಹತ್ತಿರ ಬಂದರು. "ನಾನು ಕೊಲ್ಲುತ್ತಿದ್ದೆ ಮೇಡಂ ಅವನನ್ನು" ಎಂದು ಅತ್ತರು.

"ನಿಮ್ಮದೊಂದ ತಪ್ಪಲ್ರಿ" ಎಂದಳು ಮಾನಸಿ. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಬೇರೆಯವರ ಸಂದೇಶ ದಾಟಿಸುವ ಉಪಕಾರ ಮಾಡಬೇಕಾದರೆ ಮೊದಲು ನಿನ್ನ ಗುಟ್ಟು ಬಿಟ್ಟುಕೊಡು ಎಂದು ಅವಳ ಪೆಟ್ಟಿಗೆ ಕೇಳಿತ್ತು. ಗುಟ್ಟಿನ ಮೇಲೆಯೇ ಹೊಟ್ಟೆ ಹೊರೆಯುವವರು ಪಾತ್ರೆ ಮುಚ್ಚದೆ ಇನ್ನೇನು ಮಾಡಿಯಾರು?

ದಡಕ್ಕೆ ಬಂದವಳೇ ಅವಳು ರೂಟಿಂಗನ್ನು ಬುಡದಿಂದ ಕಟ್ಟಿದಳು. ಹೊಸ ಪೆಟ್ಟಿಗೆಗಳು ತಾವಿರುವ ಜಾಗವನ್ನು ಯಾರಿಗೂ ಹೇಳುವುದಿಲ್ಲ. ದಡದ ಸದ್ದು ನೇರವಾಗಿ ಕೇಳಿಸುವ ಪೆಟ್ಟಿಗೆ ತನ್ನನ್ನು ಒಂದು ಎಂದುಕೊಳ್ಳುತ್ತದೆ. ಒಂದರ ಸದ್ದು ಕೇಳಿಸಿದ್ದು ಎರಡು, ಎರಡರದು ಕೇಳಿಸಿದ್ದು ಮೂರು. ಸಂದೇಶ ಯಾವಾಗಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಗೆ ಇಳಿಯುತ್ತದೆ, ಇಳಿದು ಇಳಿದು ದಡ ಸೇರುತ್ತದೆ. ನೀನು ಮೂರು ಎಂದರೆ ದಡಕ್ಕೆ ಮೂರು ಕೈ ದೂರ ಎಂದಷ್ಟೇ. ಉತ್ತರಕ್ಕೋ ದಕ್ಷಿಣಕ್ಕೋ, ಮೀನಿನ ಮೇಲೋ ಬರಿನೀರಿನಲ್ಲೋ, ಯಾರಿಗೂ ಗೊತ್ತಿಲ್ಲ. ಆಪತ್ತಿನ ಗುಂಡಿ ಒತ್ತಿದವನ ಜಾಗ ಮಾತ್ರ ಮುಚ್ಚಿದ ಲಕೋಟೆಯಂತೆ ಸಂದೇಶದೊಳಗೆ ಹೋಗುತ್ತದೆ. ದಡದ ಕೋಣೆಯೂ, ಆ ಕೂಗನ್ನು ಮೊದಲು ದಾಟಿಸಿದ್ದೆಂದು ಪಾರು ಮಾಡಲು ದಡ ಆರಿಸಿದ ಬೋಟೂ ಅದನ್ನು ತೆರೆಯಬಹುದು, ಬೇರೆ ಯಾರೂ ಅಲ್ಲ. ಸಂದೇಶಗಳು ಕೆಲವೊಮ್ಮೆ ಸುತ್ತುಬಳಸಿ ತಡವಾಗಿ ಬಂದವು. ಬರದೇ ಇರುವುದಕ್ಕಿಂತ ಅದು ಎಷ್ಟೋ ವಾಸಿ.

ದಡದ ಕೋಣೆಯಲ್ಲೇ ನಡೆದ ಮಂಡಳಿಯ ಸಭೆಯಲ್ಲಿ ಭಾರ್ಗವ ಹೆಬ್ಬಾರರು ಚುಕ್ಕಿಗಳಿಲ್ಲದ ಗೋಡೆಯನ್ನು ನೋಡಿ ಮುಖ ಸಿಂಡರಿಸಿದರು. "ನಕ್ಷೆ ಎಲ್ಲಿ? ಯಾವ ಬೋಟು ಎಲ್ಲಿದೆ ಅಂತ ಗೊತ್ತಿಲ್ಲದೆ ಸುರಕ್ಷೆ ಹೇಗೆ ಮೇಡಂ? ನಕ್ಷೆ ಇಲ್ಲದಿದ್ದರೆ ಯೋಜನೆಯೂ ಇಲ್ಲ. ಮುಚ್ಚಿಡುವಂಥದ್ದು ಅವರ ಹತ್ತಿರ ಏನಿದೆ?"

ಮಾನಸಿ ಎದ್ದು ನಿಂತಳು. "ಸರ್, ನಿಮ್ಮ ಫೋನ್ ಕೊಡ್ರಿ. ಈ ವಾರ ನೀವು ಎಲ್ಲೆಲ್ಲಿ ಹೋಗಿದ್ರಿ, ಎಷ್ಟೆಷ್ಟು ಹೊತ್ತು ಇದ್ರಿ, ಈ ಗೋಡಿ ಮ್ಯಾಲ ಎಲ್ಲಾರಿಗೂ ತೋರಿಸೋಣು. ಅದ್ರಾಗ ಅದೆಲ್ಲ ಇರ್ತದ."

ಹೆಬ್ಬಾರರು ನಕ್ಕರು. ಆದರೆ ಅವರ ಕೈ, ಅವರಿಗೇ ತಿಳಿಯದಂತೆ, ಜೇಬನ್ನು ಮುಚ್ಚಿಕೊಂಡಿತು. ಸಭೆಯಲ್ಲಿದ್ದವರೆಲ್ಲ ಆ ಕೈಯನ್ನು ನೋಡಿದರು. ಹೆಬ್ಬಾರರೂ ನೋಡಿಕೊಂಡರು.

"ನೀವು ಮುಚ್ಚಿಡೋವಂಥದ್ದೇನೂ ಮಾಡಿಲ್ಲ, ನನಗ ಗೊತ್ತೈತ್ರಿ" ಎಂದಳು ಮಾನಸಿ. "ಅವರೂ ಮಾಡಿಲ್ಲ. ನಕ್ಷೆ ಬೇಕಂದ್ರ ಪಾತ್ರಿ ಬೋರಲಾಗ್ತಾವ, ಮತ್ತ ಯಾರದೋ ತಮ್ಮ ಕೂಗ್ತಾನ. ನಾ ನಕ್ಷೆ ಹಾಕಂಗಿಲ್ಲ."

ಬಹಳ ಹೊತ್ತು ವಾದವಾಯಿತು. ಅವಳು ಒಂದಿಂಚೂ ಸರಿಯಲಿಲ್ಲ. ಕೊನೆಗೆ ಹೆಬ್ಬಾರರು, ಮೀನು ಹಿಡಿಯುವ ಒಂದು ಕಾಲ ನೋಡೋಣ ಎಂದು ಸಹಿ ಹಾಕಿದರು.

ಆ ಕಾಲವಿಡೀ ಒಂದು ಪೆಟ್ಟಿಗೆಯೂ ಆರಲಿಲ್ಲ. ಬಂಗುಡೆ ಸಿಕ್ಕಿದ ದಿನಗಳಲ್ಲೂ ಬೋಟುಗಳಲ್ಲಿ ಅನ್ನ ಬೆಂದಿತು. ತಿಂಗಳಾಯರು ಕಡಲಿನಿಂದ ಕಳಿಸಿದ ಮೊದಲ ಸಂದೇಶ, 'ಊಟಕ್ಕೆ ಅನ್ನ, ಬಂಗುಡೆ ಪುಳಿಮುಂಚಿ ಸಾರು. ಜಾಗ ಮಾತ್ರ ಹೇಳುದಿಲ್ಲ.' ಮಾನಸಿ ದಡದ ಕೋಣೆಯಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕಳು.

ಆ ಸಂಜೆ ಸಂತೋಷಕ್ಕೆ ಬಂದರಿನ ಸಂತೆಯಿಂದ ಮೀನು ಕೊಂಡು, ಯಾರಿಗೂ ಹೇಳದೆ ಒಂದಷ್ಟು ಹೊತ್ತು ಕಡಲ ದಂಡೆಯಲ್ಲಿ ಕೂತು, ಮನೆಗೆ ಬಂದಳು. ಕೈತೊಳೆದು ಒಲೆ ಹಚ್ಚುವಾಗ ಮೇಜಿನ ಮೇಲಿದ್ದ ಫೋನು ಟಿಂಗ್ ಎಂದಿತು. 'ಮೀನು ಸಂತೆ ಹೇಗಿತ್ತು? ಕಡಲ ದಂಡೆ ಹೇಗಿತ್ತು? ದಯವಿಟ್ಟು ಅಂಕ ಕೊಡಿ.'

ಅವಳ ಅಜ್ಜಿಯ ಫೋನೂ ಹೀಗೇ ಕೇಳುತ್ತಿತ್ತು. ಅಜ್ಜಿ ಯೋಚಿಸದೆ ಅಂಕ ಕೊಟ್ಟುಬಿಡುತ್ತಿದ್ದಳು. ಮಾನಸಿ ಒಲೆ ಆರಿಸಿ, ಅಕ್ಕಿಗೆಂದು ತೆಗೆದಿಟ್ಟಿದ್ದ ಪಾತ್ರೆಯನ್ನು ಫೋನಿನ ಮೇಲೆ ಬೋರಲು ಹಾಕಿದಳು. ಆ ರಾತ್ರಿ ಅವಳ ಊಟಕ್ಕೂ ಅವಲಕ್ಕಿಯೇ.