ಕೊನೇ ಸ್ಟಾಪಿನ ಊಟ

“ಅಮ್ಮಾ, ಅಪ್ಪ ಫೋನ್ ಮಾಡಿದ್ರು! ಊಟ ಮುಗಿಸ್ಕೊಂಡೇ ಬರ್ತಾರಂತೆ. ನೀನು ಈಗಲೇ ತಿನ್ನಬೇಕಂತೆ!”

ಅಮ್ಮ ಮಲಗಿದ್ದಲ್ಲಿಂದಲೇ ಕೈ ಎತ್ತಿ ತೋರಿಸಿದಳು. ಫೋನ್ ಅವಳ ಕೈಯಲ್ಲೇ ಇತ್ತು.

“ಯಾವ ಫೋನಿಗೆ ಮಾಡಿದ್ರು, ತರಲೆ?”

ತರಲೆ ನಾಲಿಗೆ ಕಚ್ಚಿಕೊಂಡಳು. ಮನೆಯಲ್ಲೂ ಬೀದಿಯಲ್ಲೂ ಅವಳಿಗೆ ಅದೇ ಹೆಸರು. ನಿನ್ನೆ ತಾನೇ ಗಡಿಯಾರದ ಮುಳ್ಳು ತಿರುಗಿಸಿ, “ಎಂಟಾಯ್ತು, ಅಪ್ಪ ಲೇಟು, ನೀನು ತಿನ್ನು” ಅಂದು ಸಿಕ್ಕಿಬಿದ್ದಿದ್ದಳು. ಕಿಟಕಿಯಾಚೆ ಬಿಸಿಲು ಹೊಳೆಯುತ್ತಿರುವಾಗ ರಾತ್ರಿ ಎಂಟು ಅಂದರೆ ಯಾರು ತಾನೇ ನಂಬುತ್ತಾರೆ?

ಪಾಪ, ಅವಳು ಸುಮ್ಮಸುಮ್ಮನೆ ಸುಳ್ಳು ಹೇಳುತ್ತಿರಲಿಲ್ಲ. ಅಮ್ಮನಿಗೆ ಕ್ಯಾನ್ಸರ್ ಆಗಿತ್ತು. ಚಿಕಿತ್ಸೆಯೆಲ್ಲ ಮುಗಿದು ಕಾಯಿಲೆ ಹೋದರೂ ಸುಸ್ತು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಬೀದಿಯ ತುದಿಗೆ ಹೋಗಬೇಕಾದರೂ ಅಮ್ಮ ತರಲೆಯ ಹೆಗಲ ಮೇಲೆ ಭಾರ ಹಾಕಿ ನಡೆಯುತ್ತಿದ್ದಳು. ತರಲೆಗೆ ಹೆಗಲು ನೋಯುತ್ತಿರಲಿಲ್ಲ, ಹೆದರಿಕೆಯಾಗುತ್ತಿತ್ತು.

“ಊಟದ ಹೊತ್ತು ಬದಲಾಯಿಸಿದ್ರೆ ಕೆಲವರಿಗೆ ಸುಸ್ತು ಕಡಿಮೆ ಆಗುತ್ತೆ,” ಎಂದಿದ್ದರು ಆಸ್ಪತ್ರೆಯ ನರ್ಸ್. “ಕತ್ತಲಾಗೋ ಮುಂಚೆ ಉಂಡುಬಿಡಿ. ಆಮೇಲೆ ಬೆಳಗಿನವರೆಗೂ ಏನೂ ಬೇಡ. ಮಾಡಿ ನೋಡೋಣ.”

ಆದರೆ ಅಪ್ಪ ಬಸ್ ಡ್ರೈವರ್. ಮನೆಗೆ ಬರುವಷ್ಟರಲ್ಲಿ ರಾತ್ರಿಯಾಗುತ್ತಿತ್ತು. ಅಮ್ಮನದೋ ಒಂದೇ ಹಟ.

“ಆಸ್ಪತ್ರೇಲಿ ಒಬ್ಬಳೇ ತಿಂದು ತಿಂದು ಸಾಕಾಗಿದೆ ಕಣೇ. ಅಪ್ಪ ಪಕ್ಕದಲ್ಲಿಲ್ದೆ ತುತ್ತು ಇಳಿಯಲ್ಲ.”

“ನಾನಿಲ್ವಾ?”

“ನೀನಾ? ನಿನ್ನ ತಟ್ಟೇಲಿರೋ ತರಕಾರಿನೆಲ್ಲ ನನ್ನ ತಟ್ಟೆಗೆ ಸಾಗಿಸ್ತೀಯ!”

ತರಲೆ ತಲೆ ಕೆರೆದುಕೊಂಡಳು. ಅಪ್ಪನಿಗೆ ಊಟಕ್ಕೆ ಬರಲಾಗದಿದ್ದರೆ, ಊಟವೇ ಅಪ್ಪನ ಹತ್ತಿರ ಹೋದರೆ? ಸಂಜೆ ಅಪ್ಪನ ಬಸ್ಸು ಬೀದಿಯ ತುದಿಯ ಕೊನೇ ಸ್ಟಾಪಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿತ್ತಲ್ಲ!

ಮರುದಿನ ಸಂಜೆ ಅವಳು ಸ್ಕೂಲ್ ಬ್ಯಾಗ್ ಬೆನ್ನಿಗೇರಿಸಿ ಅಮ್ಮನನ್ನು ಹೊರಡಿಸಿದಳು.

“ವಾಕಿಂಗಿಗೆ ಬ್ಯಾಗ್ ಯಾಕೆ?”

“ಹೋಮ್‌ವರ್ಕ್ ಇದೆ.”

“ಹೋಮ್‌ವರ್ಕು ಠಣಠಣ ಅನ್ನುತ್ತಾ?”

ಕೊನೇ ಸ್ಟಾಪಿನಲ್ಲಿ ಅಪ್ಪನ ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಮಾಮ ನಿಂತಿದ್ದ. ಬೆಳಿಗ್ಗೆಯೇ ತರಲೆ ಅಪ್ಪನ ಕಿವಿಯಲ್ಲೂ ಅವನ ಕಿವಿಯಲ್ಲೂ ಎಲ್ಲ ಉಸುರಿದ್ದಳು. “ಬನ್ನಿ ಬನ್ನಿ, ಊಟದ ಟಿಕೆಟ್ ಇರೋರು ಮಾತ್ರ ಹತ್ತಿ!”

ಹಿಂದಿನ ಉದ್ದ ಸೀಟಿನಲ್ಲಿ ಅಪ್ಪ ಕೈ ತೊಳೆದು ಕೂತಿದ್ದರು. ಬ್ಯಾಗಿನಿಂದ ಮೂರು ತಟ್ಟೆಗಳೂ, ಅಪ್ಪ ಬೆಳಿಗ್ಗೆ ಮಾಡಿಟ್ಟಿದ್ದ ಅಡುಗೆಯೂ ಹೊರಬಂದವು.

“ನಿನ್ನ ಮಗಳು ಊಟಕ್ಕೂ ಬಸ್ ಹಿಡಿಸಿಬಿಟ್ಟಳಲ್ಲೇ!” ಎಂದರು ಅಪ್ಪ.

ಅಮ್ಮ ನಕ್ಕಳು. ನಗುತ್ತಲೇ ಹೊಟ್ಟೆ ತುಂಬ ಉಂಡಳು.

ದಿನಾ ಸಂಜೆ ಅದೇ ಆಯಿತು. ಆದರೆ ವಾರ ಕಳೆದರೂ ಹೆಗಲ ಮೇಲಿನ ಭಾರ ಇಳಿಯಲಿಲ್ಲ. ತರಲೆ ಮುಖ ಊದಿಸಿದಳು. “ಇದು ಕೆಲಸಾನೇ ಮಾಡ್ತಿಲ್ಲ!”

“ಮಾಡದಿದ್ರೆ ಬಿಡೇ. ಊಟ ರುಚಿಯಾಗಿದೆಯಲ್ಲ,” ಎಂದಳು ಅಮ್ಮ.

ಇನ್ನೂ ಕೆಲವು ವಾರ ಕಳೆದ ಮೇಲೆ ಒಂದು ಸಂಜೆ, ಇಬ್ಬರೂ ಊಟ ಮುಗಿಸಿ ಮನೆಗೆ ಹೊರಟಿದ್ದರು. ತರಲೆ ಸ್ಕೂಲಿನ ಜಗಳವೊಂದನ್ನು ಕೈ ಬೀಸಿ ಬೀಸಿ ವರ್ಣಿಸುತ್ತಿದ್ದವಳು ತಟ್ಟನೆ ಮಾತು ನಿಲ್ಲಿಸಿದಳು.

ಅಮ್ಮನ ಕೈ ಎಂದಿನಂತೆ ಹೆಗಲ ಮೇಲೇ ಇತ್ತು. ಭಾರ ಮಾತ್ರ ಇರಲಿಲ್ಲ.

“ಯಾಕೆ ಸುಮ್ನಾದೆ?” ಎಂದಳು ಅಮ್ಮ.

ಹೇಳಿಬಿಟ್ಟರೆ ಅಮ್ಮ ಕೈ ತೆಗೆದುಬಿಟ್ಟಾಳು.

“ಏನಿಲ್ಲ,” ಎಂದಳು ತರಲೆ. ಮನೆ ಬೇಗ ಬಾರದಿರಲೆಂದು ನಿಧಾನವಾಗಿ ಹೆಜ್ಜೆ ಹಾಕಿದಳು.