ಸುರಗಿಯ ಕೆಂಪು ನೀರು

"ರಕ್ತ! ಹೆಣ್ಣಿನ ಮೈಯಿಂದ ರಕ್ತ ಇಳ್ಯಾಕತ್ತೈತಿ!"

ಸಿಂದಗಿಯ ಶಂಕರೆಪ್ಪನ ಹಿತ್ತಿಲಲ್ಲಿ ಮದುವೆಯ ನೀರೆರೆಯುವ ಸುರಗಿಯ ಹಾಡು ಅರ್ಧಕ್ಕೇ ನಿಂತಿತು. ನಾಲ್ಕು ಮೂಲೆಗೆ ತಂಬಿಗೆಯಿಟ್ಟು ನೂಲು ಸುತ್ತಿದ ಚೌಕದ ನಡುವೆ ಮದುಮಗಳು ಹೊನ್ನವ್ವ ಮೈತುಂಬ ಅರಿಷಿಣ ಬಳಿಸಿಕೊಂಡು ಕೂತಿದ್ದಳು. ಅವಳ ತಲೆಯಿಂದ ಇಳಿದ ನೊರೆ ಹೆಗಲಿಗೆ ತಾಗಿದ್ದೇ ತಡ, ಹಳದಿ ಕೆಂಪಾಗಿ ಹರಿಯಿತು. ಮುತ್ತೈದೆಯರು ಗಾಬರಿಯಲ್ಲಿ ತಲೆ ತೊಳೆದು ಒರೆಸಿದರು. ಮೊಣಕಾಲು ಮುಟ್ಟುತ್ತಿದ್ದ ಆ ಕೂದಲು ತೆಂಗಿನ ನಾರಿನಂತೆ ಬಿರುಸಾಗಿ ಗಂಟುಗಟ್ಟಿತ್ತು. ಬಾಚಣಿಗೆ ಇಟ್ಟರೆ ಕೂದಲು ಹಿಡಿಹಿಡಿಯಾಗಿ ಕಿತ್ತು ಬಂತು.

ಮದುಮಗಳ ಸೋದರತ್ತೆ ಲಕ್ಕವ್ವ ಸುತ್ತ ನಿಂತವರನ್ನೆಲ್ಲ ಒಂದು ಸಲ ನೋಡಿದಳು. ಅವಳ ಕಣ್ಣು ಗೋಡೆಗೆ ಆನಿಕೊಂಡಿದ್ದ ಓಣಿಯ ಹುಡುಗಿ ರೇವವ್ವನ ಮೇಲೆ ಬಂದು ನಿಂತಿತು.

"ತಲಿಗೆ ಹಾಕೋ ಪುಡಿ ಕುಟ್ಟಿಕೊಟ್ಟಾಕಿ ಇಕಿ. ಆಲಮೇಲದ ಬೀಗರು ಮೊದಲ ನೋಡಾಕ ಬಂದದ್ದೂ ಇಕಿನ್ನ. ಸಾಲಿ ಬಿಟ್ಟ ಹುಡುಗಿ ಬ್ಯಾಡಂದು ನಮ್ಮ ಹೊನ್ನವ್ವನ್ನ ಒಪ್ಪಿದರು. ಆ ಹೊಟ್ಟಿಕಿಚ್ಚು ಎಲ್ಲಿ ಹೋಗತೈತಿ?"

ರೇವವ್ವ ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. ನಾಲ್ಕು ಜನರ ಮುಂದೆ ಮಾತಾಡಿ ಅವಳಿಗೆ ಗೊತ್ತಿರಲಿಲ್ಲ.

"ಸಂಜಿಗೆ ಬೀಗರು ಬರ್ತಾರ," ಎಂದ ಮದುಮಗಳ ತಂದೆ ಶಂಕರೆಪ್ಪ, ಬಾಗಿಲಲ್ಲಿ ನಿಂತು. "ಅಷ್ಟರಾಗ ಖರೇ ಹೇಳಿದರ ಸರಿ. ಇಲ್ಲಾಂದ್ರ ಅವರ ಮುಂದನ ನಿಲ್ಲಿಸಿ ಕೇಳತೇನಿ."

ಹಾಗೇನಾದರೂ ಆದರೆ ಆ ಓಣಿಯ ಯಾವ ಬಾಗಿಲೂ ತನಗೆ ಮತ್ತೆ ತೆರೆಯುವುದಿಲ್ಲವೆಂದು ರೇವವ್ವನಿಗೆ ತಿಳಿದಿತ್ತು. ಅವಳು ಪಕ್ಕದ ಮನೆಗೆ ಓಡಿದಳು.

ಅದು ಸಿದ್ದಲಿಂಗವ್ವನ ಮನೆ. ಪೊಲೀಸ್ ಫೌಜದಾರನ ಹೆಂಡತಿಯಾಗಿ ಊರೂರು ತಿರುಗಿ, ಗಂಡ ತೀರಿದ ಮೇಲೆ ಸಿಂದಗಿಯಲ್ಲೇ ನೆಲೆನಿಂತ ಮುದುಕಿ. ಕದ್ದ ಎತ್ತಿಗೆ ಬಣ್ಣ ಬಳಿದು ಹೊರ್ತಿಯ ಸಂತೆಯಲ್ಲಿ ಮಾರಿದ್ದವನನ್ನು ಹಿಡಿದುಕೊಟ್ಟವಳು ಅವಳೇ. ಕಣ್ಣು ಮಂದವಾದ ಮೇಲೆ ರೇವವ್ವನೇ ಅವಳ ಕಣ್ಣು. ಹುಡುಗಿ ಕಂಡದ್ದನ್ನು ಹೇಳುತ್ತಿದ್ದಳು, ಮುದುಕಿ ಅದನ್ನು ಒಂದಕ್ಕೊಂದು ಹೊಲಿಯುತ್ತಿದ್ದಳು.

"ಅಳಬ್ಯಾಡ. ಅಳೂ ಕಣ್ಣಿಗೆ ಏನೂ ಕಾಣಂಗಿಲ್ಲ," ಎಂದು ಸಿದ್ದಲಿಂಗವ್ವ ತಪಕೀರಿನ ಡಬ್ಬಿ ತೆಗೆದು ಒಂದು ಚಿಟಿಕೆ ಮೂಗಿಗೇರಿಸಿದಳು. "ಪುಡ್ಯಾಗ ಏನೇನು ಹಾಕಿದ್ದಿ?"

"ಸೀಗಿಕಾಯಿ, ಮೆಂತೆ, ಹೆಸರ ಹಿಟ್ಟು, ಒಣಗಿಸಿದ ಲಿಂಬಿ ಸಿಪ್ಪಿ. ಅಂಟವಾಳ ಹಾಕಲಿಲ್ಲ ಆಯಿ. ಹೊನ್ನಕ್ಕಗ ಕಣ್ಣು ಉರೀತಾವು."

"ಯಾವುದು ಯಾಕ?"

"ಸೀಗಿ ಹೊಲಸು ತಗೀತೈತಿ, ಆದರ ಎಣ್ಣಿ ಪೂರಾ ತಗ್ಯಾಂಗಿಲ್ಲ. ಮೆಂತೆ ನುಣುಪು ಕೊಡತೈತಿ. ಲಿಂಬಿ ಹುಳಿಗೆ ಕೂದಲಾ ಹೊಳೀತಾವು."

"ಅಂದ್ರ ನಿನ್ನ ಪುಡಿ ಹುಳಿ ಪುಡಿ." ಮುದುಕಿ ತಪಕೀರಿನ ಡಬ್ಬಿ ಮುಚ್ಚಿ, "ಅರಿವಿ ಒಗಿಯೋ ಸೋಡಾ ಹಾಕಿಲ್ಲ ಅಂತ ನಾ ಹೆಂಗ ನಂಬಲಿ?" ಎಂದಳು.

ರೇವವ್ವ ಥಟ್ಟನೆ ತಲೆಯೆತ್ತಿದಳು. ಆಯಿಯೂ ನನ್ನ ಮೇಲೆಯೇ ಅನುಮಾನಪಡುತ್ತಿದ್ದಾಳೆಯೇ?

"ನೀನೂ ಹಂಗ ಅಂತಿ ಏನ ಆಯಿ?"

"ನಾ ಅಲ್ಲ, ಮಂದಿ ಕೇಳ್ತಾರ. ನಾಲ್ಕು ಮಂದಿಗೆ ತೋರಿಸೂವಂಥಾದ್ದು ಬೇಕು. ಕುಟ್ಟುವಾಗ ಯಾರು ಬಂದಿದ್ರು?"

"ಪರಪ್ಪಣ್ಣ ಬಂದಿದ್ದ. ಓಣಿ ತುಂಬ ಎಲ್ಲಾರೂ ಸೀನಾಕತ್ತಿದ್ರು. 'ನೊರಿ ಬರದ ಪುಡಿ ಯಾವ ಕಾಲದ್ದವ್ವಾ? ಸೋಲಾಪುರಕ್ಕ ಬಂದು ನೋಡು' ಅಂತ ನಕ್ಕು ಹೋದ."

ಪರಪ್ಪ ಹೊನ್ನವ್ವನ ಅಣ್ಣ. ಸೋಲಾಪುರದಲ್ಲಿ ಒಂದು ಸಾಬೂನು, ಅತ್ತರಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಇಂಡಿಯಲ್ಲಿ ತನ್ನದೇ ಅಂಗಡಿ ತೆಗೆಯುತ್ತೇನೆಂದು ಹೋದಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಮದುವೆಮನೆಗೆ ಕಾಲಿಟ್ಟ ಸಿದ್ದಲಿಂಗವ್ವ ಮೊದಲು ಕೇಳಿದ್ದು ಹುಳಿ ಮಜ್ಜಿಗೆ. "ಹೊನ್ನಿ ತಲಿ ಅದರಾಗ ನೆನೀಲಿ. ಬಾಚಣಿಕಿ ಮುಟ್ಟಿಸಬ್ಯಾಡ್ರಿ." ಆಮೇಲೆ ಲಕ್ಕವ್ವನ ಕಡೆ ತಿರುಗಿದಳು. "ಪುಡಿ ಡಬ್ಬಿ ತೆಗದಾಕಿ ಯಾರು?"

"ನಾನ. ಅಂಗೈ ತುಂಬ ಸುರಕೊಂಡೆ. ಏನ ನೊರಿ ಬಂತಂತಿ! ಎಲ್ಲಾರೂ ಬಾಯಿ ತಕ್ಕೊಂಡು ನೋಡಿದ್ರು."

"ಸೀನು ಬಂತೇನ?"

"ಮದಿವಿ ಮನ್ಯಾಗ ಸೀನಿನ ಮಾತು ಆಡ್ತಿಯಲ್ಲಾ! ಶುಭಗಳಿಗ್ಯಾಗ ಒಂದು ಸೀನೂ ಬರಲಿಲ್ಲ. ಅಷ್ಟರ ಮಟ್ಟಿಗೆ ದೇವರು ದೊಡ್ಡವ."

ಸಿದ್ದಲಿಂಗವ್ವ ತಪಕೀರಿನ ಡಬ್ಬಿಯ ಮುಚ್ಚಳವನ್ನು ಎರಡು ಸಲ ತಟ್ಟಿದಳು. ಏನಾದರೂ ಸಿಕ್ಕಾಗ ಮಾತ್ರ ಅವಳು ಹಾಗೆ ತಟ್ಟುತ್ತಾಳೆಂದು ರೇವವ್ವನಿಗೆ ಗೊತ್ತಿತ್ತು.

ಪುಡಿಯ ಡಬ್ಬಿ ಬಚ್ಚಲಮನೆಯ ಗೋಡೆಯ ಮಾಡಿನಲ್ಲಿತ್ತು. ಬೆಳಿಗ್ಗೆ ಮನೆಯವರೆಲ್ಲ ಅರಿಷಿಣ ಹಚ್ಚುವ ಗದ್ದಲ ಮುಗಿದ ಮೇಲೆ, ಬಳೆಗಾರ್ತಿ ಸೈದಾಬಿ ಬಂದಳೆಂದು ಹೆಂಗಸರೆಲ್ಲ ಮುಂಬಾಗಿಲಿಗೆ ಹೋಗಿದ್ದರು. ಆ ಹೊತ್ತಿನಲ್ಲಿ ಯಾರು ಬೇಕಾದರೂ ಬಚ್ಚಲಿಗೆ ಹೋಗಿರಬಹುದು. ರೇವವ್ವನಿಗೆ ಈಗ ಪ್ರತಿ ಮುಖವೂ ಏನನ್ನೋ ಬಚ್ಚಿಟ್ಟುಕೊಂಡಂತೆ ಕಂಡಿತು. ಲಕ್ಕವ್ವನೇ ಯಾಕಾಗಿರಬಾರದು? ಇಷ್ಟು ಬೇಗ ಬೇರೆಯವರ ಕಡೆ ಬೆರಳು ಮಾಡಿದವಳು?

"ಎಲಿ-ಅಡಿಕಿ ತಾಟು ಹಿಡಕೊಂಡು ಎಲ್ಲಾರ ಕಡೆ ಹೋಗಿ ಬಾ," ಎಂದು ಮುದುಕಿ ಪಿಸುಗುಟ್ಟಿದಳು. "ಕೈ ನೋಡು, ಅರಿವಿ ನೋಡು."

ಎಲ್ಲರ ಕೈಯೂ ಅರಿಷಿಣದ ಹಳದಿ. ಹೆಂಗಸರು ತಾಟು ಕಂಡು ಮುಖ ತಿರುಗಿಸಿದರು. ಶಂಕರೆಪ್ಪ ಎಲೆ ಮುಟ್ಟಲಿಲ್ಲ. ಗಂಡಸರು ಸುರಗಿಯ ಹತ್ತಿರ ಹಾಯುವಂತಿರಲಿಲ್ಲವಾದ್ದರಿಂದ ಅರಿಷಿಣ ಹಚ್ಚಿ ಮುಗಿದಾಗಿನಿಂದ ಪರಪ್ಪ ಹಂದರದಲ್ಲೇ ಇದ್ದನೆಂದು ಎಲ್ಲರೂ ತಿಳಿದಿದ್ದರು. "ನಾ ಎಲಿ ತಿನ್ನಂಗಿಲ್ಲವ್ವಾ. ಹಲ್ಲು ಕೆಡತಾವು," ಎಂದು ಬಿಳಿ ಹಲ್ಲು ತೋರಿಸಿದ. ಬೆವರು ಒರೆಸಿಕೊಂಡು ಟೊಪ್ಪಿಗೆ ಸರಿಮಾಡಿಕೊಂಡ. ಅದರ ಅಂಚಿನಲ್ಲಿ ಎರಡು ಕೆಂಪು ಬೆರಳಿನ ಗುರುತಿದ್ದವು.

ರೇವವ್ವ ಎಲ್ಲವನ್ನೂ ಬಂದು ಹೇಳಿದಳು. ಸಿದ್ದಲಿಂಗವ್ವ, "ನಮ್ಮ ಒರಳಿನ್ಯಾಗ ಉಳಿದ ಪುಡಿ ಗಂಟು ಕಟ್ಟಿ ಇಟ್ಟಿದ್ದ್ಯಲ್ಲಾ, ತಗೊಂಡು ಬಾ," ಎಂದಳು.

ಹೊತ್ತು ಇಳಿಯುವ ಮೊದಲು ಮನೆಯವರೆಲ್ಲ ಪಡಸಾಲೆಯಲ್ಲಿ ಸೇರಿದರು. ಹೊನ್ನವ್ವ ಮಜ್ಜಿಗೆಯಲ್ಲಿ ನೆನೆದ ತಲೆಗೆ ಬಟ್ಟೆ ಸುತ್ತಿಕೊಂಡು ಒಳಬಾಗಿಲಲ್ಲಿ ಕೂತಳು. ಸಿದ್ದಲಿಂಗವ್ವ ಒಂದು ತಾಟಿನಲ್ಲಿ ಕಲಸಿದ ಅರಿಷಿಣವನ್ನು ಎರಡು ಕಡೆ ಇಡಿಸಿದಳು.

"ಈ ಕಡೆ ರೇವವ್ವನ ಗಂಟಿನ ಪುಡಿ." ಅರಿಷಿಣ ಹಳದಿಯಾಗಿಯೇ ಉಳಿಯಿತು. "ಆ ಕಡೆ ನಿಮ್ಮ ಡಬ್ಬಿದು." ಅರಿಷಿಣ ನೋಡನೋಡುತ್ತಿದ್ದಂತೆ ಕೆಂಪಾಯಿತು.

ಯಾರೋ "ಶಿವಾ!" ಎಂದರು.

"ಶಿವನ್ನ ಯಾಕ ಕರೀತೀರಿ? ಆರತಿ ನೀರು ಕೆಂಪಗ ಮಾಡಾಕ ಅರಿಷಿಣಕ್ಕ ಏನು ಹಾಕ್ತೀರಿ?"

"ಸುಣ್ಣ," ಎಂದಳು ಲಕ್ಕವ್ವ.

"ಸುಣ್ಣ ಮಾಡೂ ಕೆಲಸ ಸೋಡಾನೂ ಮಾಡತೈತಿ. ದಿನಾ ನಿಮ್ಮ ಕೈಯಾರೆ ಮಾಡೂದು, ಹೆಣ್ಣಿನ ಮೈಮ್ಯಾಲ ಕಂಡರ ರಕ್ತ ಅಂದಿರಿ. ಇದು ಅರಿವಿ ಒಗಿಯೋ ಸೋಡಾ. ಕೂದಲಿನ ಎಣ್ಣಿ ಎಲ್ಲಾ ಹೀರಿ ನಾರು ಮಾಡೈತಿ. ಅದಕ್ಕ ಹುಳಿ ಮಜ್ಜಿಗಿ ತರಿಸಿದೆ."

"ಹಂಗಾದ್ರ ಸೋಡಾ ಬೆರಸಿದಾಕಿನೂ ಇಕಿನ!"

"ಬೆರಸಿದ್ರ ಸೀಗಿ ಎಲ್ಲಿ ಹೋತು ಲಕ್ಕವ್ವಾ? ಅದನ್ನ ಕುಟ್ಟಿದಾಗ ಓಣಿ ಎಲ್ಲಾ ಸೀನಿತು. ನೀ ಅಂಗೈ ತುಂಬ ಸುರಕೊಂಡಿ, ಒಂದು ಸೀನೂ ಬರಲಿಲ್ಲ. ಡಬ್ಬ್ಯಾಗ ಸೀಗಿನ ಇರಲಿಲ್ಲ. ಸೋಡಾ, ಸಾಬೂನ ಪುಡಿ, ಬಣ್ಣಕ್ಕ ಮಣ್ಣು. ಹುಡುಗಿ ಪುಡಿ ಚೆಲ್ಲಿ ಬ್ಯಾರೆ ತುಂಬ್ಯಾರ. ತುಂಬಿದವರ ಕೈಯಾಗ ಮುಂಜಾನಿ ಹಸಿ ಅರಿಷಿಣ ಇತ್ತು, ಸೋಡಾ ತಾಗಿ ಅದೂ ಕೆಂಪಾತು." ಮುದುಕಿ ತಲೆಯೆತ್ತಿದಳು. "ಪರಪ್ಪಾ, ಟೊಪ್ಪಿಗಿ ಮ್ಯಾಲ ಅದೇನೋ ಕೆಂಪ?"

ಪರಪ್ಪನ ಕೈ ಟೊಪ್ಪಿಗೆಗೆ ಹೋಯಿತು. "ಇದಾ? ಎಲಿ ತಿಂದ ಕೈ ಹತ್ತಿರಬೇಕ್ರಿ ಆಯಿ."

ಸಿದ್ದಲಿಂಗವ್ವನ ಮಂದ ಕಣ್ಣು ರೇವವ್ವನಿದ್ದ ಕಡೆ ತಿರುಗಿತು. ಹುಡುಗಿ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ಅಣ್ಣಾ," ಎಂದಳು ರೇವವ್ವ. "ತಾಟು ಹಿಡಿದಾಗ ಎಲಿ ತಿನ್ನಂಗಿಲ್ಲ ಅಂದಿ. ಹಲ್ಲು ತೋರಿಸಿದಿ."

ಶಂಕರೆಪ್ಪ ಎದ್ದುಬಂದು ಮಗನ ತಲೆಯಿಂದ ಟೊಪ್ಪಿಗೆ ತೆಗೆದು ಮುದುಕಿಯ ಮುಂದಿಟ್ಟ. ಸಿದ್ದಲಿಂಗವ್ವ ಆ ಗುರುತಿನ ಮೇಲೆ ಲಿಂಬೆ ಹಿಂಡಿದಳು; ಸೋಡಾಕ್ಕೆ ಕೆಂಪಾದ ಅರಿಷಿಣ ಹುಳಿಗೆ ಮತ್ತೆ ಹಳದಿಯಾಗಬೇಕು. ಎಲೆಯ ಕಲೆಯಾಗಿದ್ದರೆ ಹಳದಿ ಎಲ್ಲಿಂದ ಬರಬೇಕು? ಎರಡೂ ಬೆರಳ ಗುರುತು ಎಲ್ಲರ ಕಣ್ಣೆದುರಿಗೇ ಅರಿಷಿಣವಾದವು.

ಪರಪ್ಪ ಕುಸಿದು ಕೂತ. "ಕೆಡಸಬೇಕಂತ ಮಾಡಿಲ್ಲಪ್ಪಾ. ನಾನ ಮಾಡಿದ ಪುಡಿ ಅದು. ಇಷ್ಟು ಮಂದಿ ಮುತ್ತೈದಿಯರ ಮುಂದ ನೊರಿ ಬರ್ಲಿ, ಎಲ್ಲಾರೂ ಭೇಷ್ ಅನ್ಲಿ, ಆಮ್ಯಾಲ ನಂದು ಅಂತ ಹೇಳೂಣಂತಿದ್ದೆ. ನೊರಿ ಹೆಚ್ಚಾದಷ್ಟೂ ಕೂದಲಾ ಛಲೋ ಆಗ್ತಾವಂತ ತಿಳದಿದ್ದೆ."

"ಪುಡಿ ಬದಲು ಮಾಡಿದ್ದು ತಿಳಿಗೇಡಿತನ," ಎಂದಳು ಸಿದ್ದಲಿಂಗವ್ವ. "ಈ ಹುಡುಗಿ ಮ್ಯಾಲ ಹೊರಿಸುವಾಗ ಬಾಯಿ ಮುಚ್ಚಿಕೊಂಡು ಹಂದರದಾಗ ನಿಂತ್ಯಲ್ಲಾ, ಅದಕ್ಕ ಏನಂತ ಹೆಸರಿಡಲಿ?"

ಶಂಕರೆಪ್ಪ ರೇವವ್ವನ ಮುಂದೆ ಬಂದು ನಿಂತ. ಕೈ ಮುಗಿದ. ಅವಳು ಹಿಂದೆ ಸರಿದಳು.

"ಅಪ್ಪಾ, ಬೀಗರು ಬರೂದರಾಗ ನನ್ನ ತಲಿ ತೊಳೀಬೇಕಲ್ಲಾ," ಎಂದು ಒಳಬಾಗಿಲಿಂದ ಹೊನ್ನವ್ವ ಕೂಗಿದಳು. "ರೇವಿನ ತೊಳೀಲಿ. ಆಕಿನ ಹೆರಳು ಹಾಕಲಿ. ಬ್ಯಾರೆ ಯಾರ ಕೈನೂ ಬ್ಯಾಡ."

ಮಜ್ಜಿಗೆಗೆ ಕೂದಲು ಮೆತ್ತಗಾಗಿತ್ತು. ಕಿತ್ತುಹೋದದ್ದು ಹೋಗಿತ್ತು, ಉಳಿದದ್ದು ಹೆರಳಿಗೆ ಸಾಕಾಗುವಷ್ಟಿತ್ತು. ರೇವವ್ವ ಬೆರಳಿನಿಂದಲೇ ಒಂದೊಂದು ಗಂಟು ಬಿಡಿಸತೊಡಗಿದಳು. ಪುಡಿಯ ಗಂಟನ್ನು ಲಕ್ಕವ್ವನೇ ತಂದು ಬಿಚ್ಚಿದಳು. ಬೀಗರ ಬಾಜಾ ಓಣಿಯ ತಿರುವಿನಲ್ಲಿ ಕೇಳಿಸಿತು. ಅಷ್ಟರಲ್ಲಿ ಲಕ್ಕವ್ವ ಮೂಗು ಹಿಡಿದುಕೊಂಡಳು, ತಡೆಯಲಾಗಲಿಲ್ಲ, ಬಚ್ಚಲು ನಡುಗುವಂತೆ ಸೀನಿದಳು.

ಬೀಗರು ಬಾಗಿಲಿಗೆ ಬಂದ ಹೊತ್ತಿಗೆ ಸೀನು! ಹೆಂಗಸರೆಲ್ಲ ಉಸಿರು ಹಿಡಿದರು. ಲಕ್ಕವ್ವ ಮತ್ತೊಮ್ಮೆ ಸೀನಿ, ಸೆರಗಿನಿಂದ ಮೂಗು ಒರೆಸಿಕೊಂಡು ರೇವವ್ವನ ಮುಖ ನೋಡಿದಳು.

"ಇದು ನಿನ್ನ ಪುಡಿ ಬಿಡವ್ವಾ, ಖರೇ," ಎಂದಳು.