ರತ್ನಳನ್ನು ಯಾರೂ ಕೇಳಲಿಲ್ಲ

"ನಿಮ್ಮನ್ನ ಕಳ್ಸಾಕೆ ಬಂದಿಲ್ಲ. ಒಂದು ಮಾತು ಕೇಳಾಕೆ ಬಂದೀನಿ."

ಖಾಕಿ ಅಂಗಿ ಮಡಿಸುತ್ತಿದ್ದ ರೇಣುಕಯ್ಯನ ಕೈ ಅಲ್ಲೇ ನಿಂತಿತು.

ಹೊಸ್ತಿಲಿನ ಆಚೆ ನಾಗರತ್ನ ನಿಂತಿದ್ದಳು. ಮಧುಗಿರಿಯಿಂದ ಎತ್ತಿನ ಗಾಡಿಯಲ್ಲಿ ಬಂದ ಧೂಳು ಅವಳ ಸೆರಗಿನ ಮೇಲೆ, ರೆಪ್ಪೆಯ ಮೇಲೆ. ಅವಳು ಈ ಮನೆಯ ಸೊಸೆ, ಅವನ ಹೆಂಡತಿ. ಆದರೂ ಒಳಗೆ ಕಾಲಿಡಲಿಲ್ಲ.

ಹೋದ ಮಾಘದಲ್ಲಿ ಅವರ ಮದುವೆಯಾಗಿತ್ತು. ಕೆಲವೇ ದಿನ ಜೊತೆಗಿದ್ದು ಅವನು ಬೆಂಗಳೂರಿನ ದಂಡಿಗೆ ಮರಳಿದ, ಅವಳು ಮಧುಗಿರಿಯ ತವರಿಗೆ ಹೋದಳು. ದಂಡಿನಲ್ಲಿ ಅವನದು ಮಿಲಿಟರಿ ಲಾರಿ ಓಡಿಸುವ ಕೆಲಸ. ಈಗ ಜರ್ಮನಿಯ ಯುದ್ಧ ಜೋರಾಗಿ, ಹಡಗು ಹತ್ತುವ ಮುಂಚೆ ಊರು ನೋಡಿ ಬನ್ನಿ ಎಂದು ರಜೆ ಕೊಟ್ಟಿದ್ದರು. ಹೊಳವನಹಳ್ಳಿಗೆ ಬಂದ ದಿನವೇ ಹೆಂಡತಿಗೆ ಹೇಳಿಕಳಿಸಿದ್ದ. ಅವಳು ಬರಲಿಲ್ಲ. ಮತ್ತೆ ಹೇಳಿಕಳಿಸಿದ. ಆಗಲೂ ಇಲ್ಲ.

'ನನ್ನ ಕಂಡರೆ ಅವಳಿಗೆ ಆಗೋದಿಲ್ಲ...' ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಗಂಟುಮೂಟೆ ಕಟ್ಟಲು ಕೂತವನ ಎದುರಿಗೆ, ಬಸ್ಸು ಹೊರಡುವ ಹೊತ್ತಿಗೆ ಹೀಗೆ ಬಂದು ನಿಂತಿದ್ದಾಳೆ.

"ಒಳಗೆ ಬಾ ರತ್ನ."

"ಮೊದ್ಲು ಹೇಳಿ. ನೀವು ಊರಿಗೆ ಬಂದ ದಿನ ಕೊರಟಗೆರೆ ಸಂತೇಲಿ ನಮ್ಮಪ್ಪಯ್ಯನ ಹತ್ರ ಏನಂದ್ರಿ?"

ಆ ಮಾತು ಅವಳ ಕಿವಿಗೆ ಬೀಳುತ್ತದೆಂದು ಅವನು ಎಣಿಸಿರಲಿಲ್ಲ.

"ನಾನು ವಾಪಸ್ ಬರ್ದಿದ್ರೆ ಅವಳನ್ನ ಕಾಯಿಸ್ಬ್ಯಾಡಿ, ಒಳ್ಳೆ ಕಡೆ ನೋಡಿ ಉಡಿಕೆ ಮಾಡ್ಬುಡಿ ಅಂದ್ರಂತೆ. ಹೌದೋ ಅಲ್ವೋ?"

"...ಹೌದು."

"ಇನ್ನೂ ಊರೇ ಬುಟ್ಟಿಲ್ಲ, ಆಗ್ಲೇ ನನ್ನ ಇನ್ನೊಬ್ಬನಿಗೆ ಕಟ್ಟಾಕೆ ಮಾತಾಡ್ಕಂಡು ಬಂದ್ರಿ. ನಾನೇನು ನಿಮ್ಮ ಕೊಟ್ಟಿಗೆ ಹಸುವಾ, ಯಾರಾದ್ರೂ ಹೊಡ್ಕಂಡು ಹೋಗ್ಲಿ ಅನ್ನಾಕೆ?"

ಅವಳ ದನಿ ಏರಲಿಲ್ಲ. ಅದೇ ಅವನನ್ನು ಹೆಚ್ಚು ಇರಿಯಿತು. ಮದುವೆಯ ಹೊಸದರಲ್ಲಿ ಅವನು ಮಣೆಯ ಮೇಲೆ ಕೂತು, ಲಾರಿ ಹೇಗೆ ತಿರುಗಿಸುವುದೆಂದು ಮೊರವನ್ನೇ ಚಕ್ರ ಮಾಡಿ ತೋರಿಸಿದಾಗ, ಸೆರಗು ಬಾಯಿಗೊತ್ತಿ ನಕ್ಕವಳು ಇವಳೇ. ದಂಡಿನಲ್ಲಿ ನಿದ್ದೆ ಬಾರದಾಗಲೆಲ್ಲ ಆ ನಗುವನ್ನೇ ನೆನೆಯುತ್ತಿದ್ದ.

'ಹೇಳಿಬಿಡಲಾ... ಹೆದರಿಕೆ ಅಂತ? ಗಂಡಸು, ಸಿಪಾಯಿ, ಹೆಂಡತಿಯ ಮುಂದೆ ಹೆದರಿಕೆ ಅಂತ ಹೇಗೆ ಅನ್ನಲಿ?'

"ನಾನು ಬ್ಯಾಡ ಅಂದ್ರೆ ಬ್ಯಾಡ ಅಂತ್ಲೇ ಹೇಳ್ಬುಡಿ," ಎಂದಳು. "ಯುದ್ಧದ ನೆಪ ಯಾಕೆ?"

ಅವನು ಕೈಯಲ್ಲಿದ್ದ ಅಂಗಿಯನ್ನು ಸುಮ್ಮನೆ ಇನ್ನೊಂದು ಸಲ ಮಡಿಸಿದ.

ನಾಗರತ್ನ ಸ್ವಲ್ಪ ಹೊತ್ತು ಕಾದಳು. ಆಮೇಲೆ ತಿರುಗಿ ನಡೆದುಬಿಟ್ಟಳು. ಬೀದಿಯಲ್ಲಿ ಅವಳ ತಂದೆ ಶಂಕರಲಿಂಗಪ್ಪ ಗಾಡಿ ತಿರುಗಿಸುವ ಸದ್ದು ಕೇಳಿಸಿತು.

"ಅವಳು ಹೊಂಟೋದ್ಲು ಕಣ್ಲಾ."

ಅಡುಗೆಮನೆಯ ಬಾಗಿಲಲ್ಲಿ ಸೋದರತ್ತೆ ಕರಿಬಸಮ್ಮ ನಿಂತಿದ್ದರು. ಕೈಯಲ್ಲಿ ದಾರಿಗೆಂದು ಕಟ್ಟಿದ ರೊಟ್ಟಿಯ ಗಂಟು. ತಾಯಿಯಿಲ್ಲದ ಅವನನ್ನು ಸಾಕಿದವರು ಇವರೇ. ಹಿಂದಿನ ಯುದ್ಧದಲ್ಲಿ ಇವರ ಗಂಡ ದಂಡಿನ ಗಾಡಿ ಹೊಡೆಯಲು ಕಡಲಾಚೆಯ ಬಸ್ರಾಕ್ಕೆ ಹೋದವರು. ಸತ್ತರೆಂಬ ಸುದ್ದಿ ಬರಲಿಲ್ಲ, ಅವರೂ ಬರಲಿಲ್ಲ. ಕರಿಬಸಮ್ಮ ತಾಳಿ ತೆಗೆಯಲಿಲ್ಲ. ಆದರೆ ಊರಿನ ಮದುವೆಗಳಲ್ಲಿ ಆರತಿ ಎತ್ತಲು ಅವರನ್ನು ಯಾರೂ ಕರೆಯಲೂ ಇಲ್ಲ. ಸಂಜೆಯಾದರೆ ಪಡಸಾಲೆಯಲ್ಲಿ ಬಾಗಿಲಿಗೆ ಮುಖ ಮಾಡಿ ಕೂರುವ ಅತ್ತೆಯನ್ನು ನೋಡುತ್ತಲೇ ಅವನು ಬೆಳೆದದ್ದು.

"ನನ್ನ ನೋಡಿ ತಾನೇ ಅಂಗಂದಿದ್ದು?"

ಅವನು ತಲೆ ತಗ್ಗಿಸಿದ. "ಅವಳಿಗೆ ನಿನ್ ಪಾಡು ಬ್ಯಾಡ ಅತ್ತೆ."

"ನನ್ ಪಾಡು ನಿಂಗೇನ್ ಗೊತ್ತು?" ಕರಿಬಸಮ್ಮ ಗಂಟನ್ನು ಕೆಳಗಿಟ್ಟರು. "ನಿಮ್ಮ ಮಾವ ಹೋಗೋವಾಗ ಕಾಯಿ ಅಂತಾನೂ ಅನ್ಲಿಲ್ಲ, ಬ್ಯಾಡ ಅಂತಾನೂ ಅನ್ಲಿಲ್ಲ. ನಾನು ಒಲೆ ಮುಂದೆ ಇದ್ದೆ, ಅವ್ರು ಹೊಂಟೋಗಿದ್ರು. ನನ್ನ ಸುಟ್ಟಿದ್ದು ಅದು, ಕಾದಿದ್ದಲ್ಲ. ನೀನೂ ಅದನ್ನೇ ಮಾಡ್ದೆ. ಅವರಪ್ಪನ್ನ ಕೇಳ್ದೆ, ಅವಳನ್ನ ಕೇಳ್ದಾ?"

ರೇಣುಕಯ್ಯ ಅತ್ತೆಯ ಮುಖವನ್ನೇ ನೋಡಿದ. ಇಷ್ಟು ವರ್ಷದಲ್ಲಿ ಅವರು ಈ ಮಾತು ಆಡಿದ್ದು ಇದೇ ಮೊದಲು.

ಮರುಗಳಿಗೆ ಅವನು ಬೀದಿಯಲ್ಲಿದ್ದ. ಬೂಟಿನ ದಾರ ಕಟ್ಟಿರಲಿಲ್ಲ, ಅಂಗಿಯ ಗುಂಡಿ ಹಾಕಿರಲಿಲ್ಲ. ಗಾಡಿ ಆಗಲೇ ಬಸ್ಸು ನಿಲ್ಲುವ ಜಾಗ ದಾಟುತ್ತಿತ್ತು. ಕೊರಟಗೆರೆಗೆ ಹೊರಟವರು ಅಲ್ಲಿ ಗಂಟು ಹೊತ್ತು ನಿಂತಿದ್ದರು. ಅವರೆಲ್ಲರ ಕಣ್ಣೆದುರಿಗೇ ಅವನು ಎತ್ತಿನ ಮೂಗುದಾರ ಹಿಡಿದು ನಿಲ್ಲಿಸಿದ.

"ಏನ್ ಅಳಿಯಂದ್ರೆ ಇದು?" ಶಂಕರಲಿಂಗಪ್ಪ ಗಾಬರಿಯಾದರು.

"ತಪ್ಪಾಯ್ತು ಮಾವ. ಅವಳ ಹತ್ರ ಆಡ್ಬೇಕಾದ ಮಾತನ್ನ ನಿಮ್ಮ ಹತ್ರ ಆಡ್ದೆ."

ಗಾಡಿಯ ಹಿಂದಕ್ಕೆ ಬಂದ. ಅವಳು ಮುಖ ತಿರುಗಿಸಿ ಕೂತಿದ್ದಳು.

"ರತ್ನ, ನಂಗೆ ಹೆದ್ರಿಕೆ ಆಗೈತೆ. ಸಾಯಾಕಲ್ಲ... ಇಲ್ಲ, ಅದಕ್ಕೂ ಹೆದ್ರಿಕೆನೇ, ಸುಳ್ಳು ಯಾಕೆ. ಎಲ್ಲಿಗೆ ಕಳಿಸ್ತಾರೋ ಅದೂ ಗೊತ್ತಿಲ್ಲ. ಆದ್ರೆ ನಾನು ಸತ್ತೆ ಅಂತ್ಲೂ ತಿಳೀದೆ, ಬದುಕಿವ್ನಿ ಅಂತ್ಲೂ ತಿಳೀದೆ, ನೀನು ಅತ್ತೆಯಂಗೆ ಬಾಗಿಲು ನೋಡ್ತಾ ಮುದುಕಿ ಆಗ್ಬುಟ್ರೆ... ಅದನ್ನ ನೆನೆಸ್ಕಂಡ್ರೆ ನಂಗೆ ಅನ್ನ ಇಳಿಯಲ್ಲ. ನೀನು ಬ್ಯಾಡ ಅಂತ ಅಂದಿದ್ದಲ್ಲ. ಬೋ ಬೇಕು ಅಂತ್ಲೇ ಅಂದಿದ್ದು."

ನಿಂತವರಲ್ಲಿ ಯಾರೋ ಕೆಮ್ಮಿದರು. ಅವನು ಲೆಕ್ಕಕ್ಕಿಡಲಿಲ್ಲ.

"ಈಗ ಕೇಳ್ತಾ ಇವ್ನಿ. ನಿಂಗೇನ್ ಬೇಕು?"

ನಾಗರತ್ನ ತಿರುಗಿದಳು. ಧೂಳು ಮೆತ್ತಿದ ಕೆನ್ನೆಯ ಮೇಲೆ ಕಣ್ಣೀರು ದಾರಿ ಮಾಡಿಕೊಂಡು ಇಳಿದಿತ್ತು.

"ಬಂದ ದಿನ ಇದನ್ನ ನನ್ ಹತ್ರ ಹೇಳಿದ್ರೆ... ಇಷ್ಟು ದಿನ ಜೊತೇಲಿ ಇರ್ತಿದ್ವಲ್ಲ."

ಅವನು ಗಾಡಿಗೆ ಕೈಯೂರಿ ಇನ್ನಷ್ಟು ಹತ್ತಿರ ಬಂದ.

"ನಾನು ಕಾಯ್ತೀನಿ," ಎಂದಳು. "ಕಾಯಾಕೆ ಆಗ್ದೇ ಹೋದ ದಿನ ಏನ್ ಮಾಡ್ಬೇಕು ಅನ್ನೋದನ್ನೂ ನಾನೇ ನೋಡ್ಕಂತೀನಿ. ಅದು ನಂದು. ನೀವು ಯಾರ ಕೈಗೂ ಕೊಡ್ಬ್ಯಾಡಿ."

"ಕೊಡಲ್ಲ."

ದೂರದಲ್ಲಿ ಇದ್ದಿಲಿನಿಂದ ಓಡುವ ಬಸ್ಸಿನ ಹೊಗೆ ಕಾಣಿಸಿತು. ನಾಗರತ್ನ ಗಾಡಿಯಿಂದ ಕೆಳಗಿಳಿದಳು.

"ಅಪ್ಪಯ್ಯ, ನಾನು ಮಧುಗಿರಿಗೆ ಬರಲ್ಲ. ತುಮಕೂರು ಸ್ಟೇಷನ್‌ಗಂಟ ಇವರ ಜೊತೆ ಹೋಗ್ತೀನಿ."

"ವಾಪಸ್ ಒಬ್ಳೇ ಹೆಂಗಮ್ಮ ಬತ್ತೀಯಾ?"

"ನಾನಿಲ್ವಾ?"

ಕರಿಬಸಮ್ಮ ಏದುಸಿರು ಬಿಡುತ್ತ ಬಂದರು. ಒಂದು ಕಂಕುಳಲ್ಲಿ ರೊಟ್ಟಿಯ ಗಂಟು, ಇನ್ನೊಂದರಲ್ಲಿ ಅವನ ಖಾಕಿ ಚೀಲ. "ರೈಲು ಹೊರಡೋದನ್ನ ನಾನೂ ಒಂದು ಸಲ ಕಣ್ಣಲ್ಲಿ ನೋಡ್ಬೇಕು," ಎಂದವರೇ, ಬಂದು ನಿಂತ ಬಸ್ಸನ್ನು ಎಲ್ಲರಿಗಿಂತ ಮೊದಲು ಹತ್ತಿದರು.

ಶಂಕರಲಿಂಗಪ್ಪ ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡರು. ಅಳಿಯನ ಭುಜ ಹಿಡಿದು ನಿಲ್ಲಿಸಿದರು. ಅವನ ಅಂಗಿಯ ಗುಂಡಿಯನ್ನು ತಾವೇ ಹಾಕಿ ಕಳಿಸಿದರು.

ಬಸ್ಸು ಕೊರಟಗೆರೆ ದಾಟಿತು. ಬೆಟ್ಟಗಳು ಒಂದೊಂದಾಗಿ ಹಿಂದೆ ಸರಿದವು. ಮುಂದಿನ ಸೀಟಿನಲ್ಲಿ ಕರಿಬಸಮ್ಮ ಕಿಟಕಿಯ ಆಚೆಗೇ ಕಣ್ಣು ನೆಟ್ಟು ಕೂತಿದ್ದರು. ಬಸ್ಸು ಕುಲುಕಿದಾಗ ನಾಗರತ್ನಳ ಭುಜ ಅವನಿಗೆ ತಾಕಿತು. ಅವಳು ಸರಿದು ಕೂರಲಿಲ್ಲ.

"ಸಮುದ್ರ ಹೆಂಗಿರ್ತೈತೆ?" ಮೆಲ್ಲಗೆ ಕೇಳಿದಳು.

"ನಾನೂ ನೋಡಿಲ್ಲ. ಆಚೆ ದಡವೇ ಕಾಣಲ್ವಂತೆ."

ಅವಳು ಸೆರಗಿನ ಮರೆಯಲ್ಲಿ ಅವನ ಕೈ ಹುಡುಕಿ ಹಿಡಿದುಕೊಂಡಳು. ಬೆರಳುಗಳು ತಣ್ಣಗಿದ್ದವು, ಹಿಡಿತ ಮಾತ್ರ ಬಿಗಿಯಾಗಿತ್ತು.

"ಅಂತೆ ಗಿಂತೆ ನಂಗೆ ಬ್ಯಾಡ. ನೀವೇ ನೋಡ್ಕಂಡು ಬಂದು ಹೇಳಿ."

"ಹೇಳ್ತೀನಿ."

"ಪೂರ್ತಿ ಹೇಳ್ಬೇಕು."

"ನೀನು ಸಾಕು ಅನ್ನೋಗಂಟ ಹೇಳ್ತೀನಿ, ರತ್ನ."

"ನಾನು ಸಾಕು ಅನ್ನಲ್ಲ," ಎಂದಳು ಅವಳು.